ದೂರು ಬರೆದುಕೊಳ್ಳುವ ಮೇಜು: ‘ದಹಾಡ್’ ಸರಣಿಯ ಮೊದಲ ಕಂತಿನ ಬಗ್ಗೆ

‘ದಹಾಡ್’ ಅಂದರೆ ಹಿಂದಿಯಲ್ಲಿ ಗರ್ಜನೆ. ಹುಲಿ ಸಿಂಹಗಳ ಗರ್ಜನೆ. ರೀಮಾ ಕಾಗ್ತಿ ಮತ್ತು ಜೋಯಾ ಅಖ್ತರ್ ರೂಪಿಸಿದ ಈ ಎಂಟು ಕಂತುಗಳ ಹಿಂದಿ ಸರಣಿ 2023ರ ಫೆಬ್ರವರಿಯಲ್ಲಿ ಬರ್ಲಿನ್ ಚಿತ್ರೋತ್ಸವದಲ್ಲಿ ಕಾಣಿಸಿಕೊಂಡು, ಅದೇ ವರ್ಷದ ಮೇ ತಿಂಗಳಲ್ಲಿ ಅಮೆಜಾನ್ ಪ್ರೈಮ್ ಮೂಲಕ ಮನೆಯ ಟಿವಿಗೂ ಹಾಸ್ಟೆಲ್ ಹುಡುಗರ ಮೊಬೈಲಿಗೂ ಬಂತು. ಇಂಥ ಹೆಸರು ಕೇಳಿದವರು ಒಂದು ಮೃಗವನ್ನು ನಿರೀಕ್ಷಿಸುವುದು ಸಹಜ. ಮೃಗ ಇದೆ ಕೂಡ. ಬಡಮನೆಯ ಹೆಣ್ಣುಮಕ್ಕಳಿಗೆ ಮದುವೆಯ ಆಸೆ ತೋರಿಸಿ ಕರೆದೊಯ್ದು, ಸಯನೈಡ್ ಕೊಟ್ಟು ಕೊಲ್ಲುವ ಒಬ್ಬ ಹಿಂದಿ ಮೇಷ್ಟ್ರು. ಅವನು ಯಾರೆಂಬುದನ್ನು ಸರಣಿ ಬಹಳ ಬೇಗ ಬಿಟ್ಟುಕೊಡುತ್ತದೆ. ಆದರೆ ಮೊದಲ ಕಂತನ್ನು ಸಾವಧಾನದಿಂದ ನೋಡಿದರೆ, ಅಪಾಯ ಶುರುವಾಗುವುದು ಅವನಿಂದಲ್ಲ ಅಂತ ಆ ಕಂತೇ ತೋರಿಸಿಕೊಡುತ್ತದೆ. ಅದು ಶುರುವಾಗುವುದು ಪೊಲೀಸ್ ಠಾಣೆಯಲ್ಲಿ ದೂರು ಬರೆದುಕೊಳ್ಳುವ ಮೇಜಿನ ಹತ್ತಿರ. ದಲಿತ ವಿಮರ್ಶೆ ಈ ಮೇಜಿನ ಪಕ್ಕ ನಿಂತು ಈ ಸರಣಿಯನ್ನು ನೋಡಬೇಕು ಎಂಬುದು ನನ್ನ ವಾದ.

ಮೊದಲು ‘ಕಾಡು’, ‘ಮೃಗ’ ಎಂಬ ಮಾತುಗಳ ಬಗ್ಗೆ. ನಮ್ಮ ಸಮಾಜದಲ್ಲಿ ಈ ಮಾತುಗಳಿಗೆ ಒಂದು ವಿಳಾಸ ಇದೆ. ಆ ವಿಳಾಸವನ್ನು ಬಹಳ ಹಿಂದೆಯೇ ಬರೆದಿಟ್ಟರು. ಮನುಸ್ಮೃತಿಯ ಹತ್ತನೇ ಅಧ್ಯಾಯದ ಪ್ರಕಾರ ಚಂಡಾಲನ ವಾಸ ಊರ ಹೊರಗೆ. ನಾಯಿ ಕತ್ತೆಗಳೇ ಅವನ ಆಸ್ತಿ. ಸತ್ತವರ ಬಟ್ಟೆಯೇ ಅವನ ಉಡುಗೆ. ಉಣ್ಣಲು ಒಡೆದ ಪಾತ್ರೆ. ಊರು ಅಂದರೆ ನಾಗರಿಕತೆ, ಊರ ಹೊರಗೆ ಅಂದರೆ ಕಾಡು ಎಂಬ ಲೆಕ್ಕ ಇದು. ಊರಿಗೆ ಕೇಡಾದರೆ ಅದು ಹೊರಗಿನಿಂದಲೇ ಬಂದಿರಬೇಕು ಎಂಬ ನಂಬಿಕೆಯ ಬೇರು ಇಲ್ಲಿದೆ. ಈ ಪುಸ್ತಕವನ್ನು ಅಂಬೇಡ್ಕರರ ನೇತೃತ್ವದಲ್ಲಿ 1927ರ ಡಿಸೆಂಬರಿನಲ್ಲಿ ಮಹಾಡಿನಲ್ಲಿ ಸುಟ್ಟದ್ದಾಯಿತು. ಆದರೆ ಅದರ ಭಾಷೆ ಸುಟ್ಟುಹೋಗಲಿಲ್ಲ. ಕನ್ನಡದಲ್ಲೇ ನೋಡಿ, ‘ಚಂಡಾಲ’ ಎಂಬುದು ಇವತ್ತಿಗೂ ಬೈಗುಳ. ಯಾವ ಜಾತಿಯವನನ್ನಾದರೂ ಕಟುಕ ಅನ್ನಬೇಕಾದರೆ ಬಾಯಿಗೆ ಬರುವ ಪದ ಅದು. ಬೈಯುವವನಿಗೆ ತಾನು ಒಂದು ಜನರ ಹೆಸರನ್ನು ಹೇಳುತ್ತಿದ್ದೇನೆಂಬ ಅರಿವೇ ಇರುವುದಿಲ್ಲ.

‘ದಹಾಡ್’ನಲ್ಲಿ ಕಾಣೆಯಾದ ಹುಡುಗಿಯ ಹೆಸರು ಕೃಷ್ಣಾ ಚಂಡಾಲ್.

ಈಗ ಮೊದಲ ಕಂತಿಗೆ ಬರೋಣ. ಕತೆ ನಡೆಯುವುದು ರಾಜಸ್ಥಾನದ ಮಂಡಾವಾದಲ್ಲಿ. ಝುಂಝುನು ಜಿಲ್ಲೆಯ ಶೇಖಾವಾಟಿ ಸೀಮೆಯ ಊರು, ಗೋಡೆಗಳ ಮೇಲೆ ಚಿತ್ರ ಬರೆದ ಹವೇಲಿಗಳಿಗೆ ಹೆಸರಾದದ್ದು. ಅಲ್ಲಿಯ ಠಾಣೆಗೆ ಎರಡು ವಿಷಯ ಬರುತ್ತವೆ. ಒಂದು, ಠಾಕೂರರ ಮನೆಯ ಹುಡುಗಿ ಮುಸ್ಲಿಮ್ ಹುಡುಗನ ಜೊತೆ ಹೋಗಿದ್ದಾಳೆ. ಇನ್ನೊಂದು, ಒಬ್ಬ ಬಡವನ ಸೋದರಿ ಕಾಣೆಯಾಗಿದ್ದಾಳೆ. ಎರಡೂ ಮನೆಯಲ್ಲಿ ಹೆಣ್ಣು ಇಲ್ಲ. ಆದರೆ ಮೊದಲನೆಯದಕ್ಕೆ ಊರು ನಡುಗುತ್ತದೆ. ದೊಡ್ಡವರು ಬರುತ್ತಾರೆ, ಧರ್ಮರಕ್ಷಣೆಯ ಹೆಸರಿನ ಗುಂಪು ಕೂಗುತ್ತದೆ, ಮೇಲಿನಿಂದ ಒತ್ತಡ ಬರುತ್ತದೆ, ಇಡೀ ಠಾಣೆ ಆ ಜೋಡಿಯ ಬೆನ್ನು ಹತ್ತುತ್ತದೆ. ಎರಡನೆಯವನು ಬಂದು ನಿಲ್ಲುತ್ತಾನೆ. ಹೋಗುತ್ತಾನೆ. ಮತ್ತೆ ಬರುತ್ತಾನೆ. ಅವನ ಮಾತು ಯಾರ ಕಿವಿಗೂ ಇಳಿಯುವುದಿಲ್ಲ. ಅವರ ಕಿವಿ ಚೆನ್ನಾಗಿಯೇ ಇದೆ. ಅವನ ಮಾತಿಗೆ ತೂಕ ಇಲ್ಲ ಅಷ್ಟೆ.

ಠಾಣೆಗೆ ದೂರು ಕೊಡಲು ಹೋದ ನಮ್ಮ ಕೇರಿಯ ಜನಕ್ಕೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ‘ಎಲ್ಲೋ ಓಡೋಗಿರ್ತಾಳೆ ಬಿಡೋ’, ‘ನಾಳೆ ಬಾ’, ‘ಸಾಹೇಬ್ರು ಇಲ್ಲ’ ಎಂಬ ಮೂರು ಉತ್ತರಗಳ ಮೇಲೆಯೇ ಎಷ್ಟೋ ಠಾಣೆಗಳು ನಡೆಯುತ್ತವೆ. ಮೇಲ್ಜಾತಿಯ ಹುಡುಗಿ ಹೋದರೆ ಅಪಹರಣ. ನಮ್ಮ ಹುಡುಗಿ ಹೋದರೆ ಓಡಿಹೋದವಳು. ಅವಳಿಗೆ ಬೇಕು ಅಂತಲೇ ಹೋಗಿರುತ್ತಾಳೆ ಎಂದು ಮೊದಲೇ ತೀರ್ಮಾನವಾಗಿರುತ್ತದೆ. ದಲಿತ ಹೆಣ್ಣಿಗೆ ಈ ವ್ಯವಸ್ಥೆ ಪುಕ್ಕಟೆಯಾಗಿ ಕೊಡುವ ಏಕೈಕ ಸ್ವಾತಂತ್ರ್ಯ ಇದೇ ಇರಬೇಕು: ಕಾಣೆಯಾಗುವ ಸ್ವಾತಂತ್ರ್ಯ.

ಇಲ್ಲಿಂದ ಮುಂದೆ ಸರಣಿ ಮಾಡುವ ಕೆಲಸ ನಿಜಕ್ಕೂ ದೊಡ್ಡದು. ಆ ಸೋದರ ಸುತ್ತ ನೋಡುತ್ತಾನೆ. ಯಾವ ದೂರಿಗೆ ಬೆಲೆ ಇದೆ, ಯಾವುದಕ್ಕಿಲ್ಲ ಅಂತ ಅವನಿಗೆ ಅರ್ಥವಾಗುತ್ತದೆ. ಆಗ ಅವನು ಒಂದು ಸುಳ್ಳು ಹೇಳುತ್ತಾನೆ: ತನ್ನ ಸೋದರಿಯನ್ನೂ ಒಬ್ಬ ಮುಸ್ಲಿಮನೇ ಕರೆದುಕೊಂಡು ಹೋದ ಅಂತ. ಮುಗಿಯಿತು. ಬಾಗಿಲು ತೆರೆಯುತ್ತದೆ. ನಿನ್ನೆಯವರೆಗೆ ಯಾರೂ ಅಲ್ಲದವಳು ಇವತ್ತು ‘ನಮ್ಮ ಧರ್ಮದ ಹೆಣ್ಣು’ ಆಗಿಬಿಡುತ್ತಾಳೆ. ನೀರಿನ ನಲ್ಲಿಯ ಹತ್ತಿರ, ಗುಡಿಯ ಬಾಗಿಲಲ್ಲಿ, ಮದುವೆಯ ಊಟದ ಪಂಕ್ತಿಯಲ್ಲಿ ಇಲ್ಲದ ಹಿಂದೂತನ ಅವಳಿಗೆ ಪೊಲೀಸ್ ಠಾಣೆಯಲ್ಲಿ ಸಿಗುತ್ತದೆ. ಅದೂ ಅವಳು ಎದುರಿಗೆ ಇಲ್ಲದಾಗ.

ಈ ಸುಳ್ಳನ್ನು ಹೇಗೆ ಓದಬೇಕು? ಅವನ ಜಾಣತನ ಎಂದು ಮೆಚ್ಚಿಕೊಂಡರೆ, ಆ ಸುಳ್ಳಿನ ಬೆಲೆ ತೆರುವವನು ಇನ್ನೊಬ್ಬ ಬಡವ ಎಂಬುದನ್ನು ಮರೆತ ಹಾಗಾಗುತ್ತದೆ. ಏಟು ಬೀಳುವುದು ಯಾವುದೋ ಮುಸ್ಲಿಮ್ ಮನೆಯ ಹುಡುಗನ ಬೆನ್ನಿಗೆ. ಹಾಗಂತ ಅವನನ್ನು ಕೋಮುವಾದಿ ಎಂದು ಜರಿದು ಕೈತೊಳೆದುಕೊಳ್ಳುವುದೂ ಸರಿಯಲ್ಲ. ಅವನಿಗೆ ದ್ವೇಷ ಇಲ್ಲ, ಅವನಿಗಿರುವುದು ಅವಸರ. ಸೋದರಿ ಬದುಕಿದ್ದಾಳೋ ಇಲ್ಲವೋ ಗೊತ್ತಿಲ್ಲದವನ ಅವಸರ. ಪ್ರಭುತ್ವ ಅವನ ಮುಂದೆ ಒಂದೇ ಭಾಷೆಯನ್ನು ಇಟ್ಟಿದೆ: ಈ ಭಾಷೆಯಲ್ಲಿ ಅತ್ತರೆ ಕೇಳಿಸುತ್ತದೆ, ನಿನ್ನ ಭಾಷೆಯಲ್ಲಿ ಅತ್ತರೆ ಇಲ್ಲ. ದಲಿತರನ್ನು ಮುಸ್ಲಿಮರ ಎದುರಿಗೆ ತಂದು ನಿಲ್ಲಿಸುವ ರಾಜಕಾರಣದ ಬಗ್ಗೆ ನಾವು ಎಷ್ಟೋ ಸಭೆಗಳಲ್ಲಿ ಮಾತಾಡಿದ್ದೇವೆ. ಅದು ಭಾಷಣದಿಂದ ಮಾತ್ರ ನಡೆಯುವುದಿಲ್ಲ. ಹೀಗೆ ಒಂದು ಮೇಜಿನ ಹತ್ತಿರ, ಒಂದು ದೂರಿನ ಹಾಳೆಯಲ್ಲಿ, ಗತಿಯಿಲ್ಲದವನ ಬಾಯಿಂದಲೇ ಆಗಿಹೋಗುತ್ತದೆ. ಇಷ್ಟನ್ನು ಉಪದೇಶವಿಲ್ಲದೆ ತೋರಿಸಿರುವ ಹಿಂದಿ ದೃಶ್ಯಗಳು ಕಡಿಮೆ.

ಇಲ್ಲೊಂದು ಕೊರತೆಯನ್ನೂ ಹೇಳಬೇಕು. ಮೊದಲ ಕಂತಿನಲ್ಲಿ ಆ ಸೋದರ ಒಂಟಿ. ಅವನ ಹಿಂದೆ ಒಂದು ಸಂಘ ಇಲ್ಲ, ಒಂದು ಕರಪತ್ರ ಇಲ್ಲ, ಠಾಣೆ ಮುಂದೆ ಕೂರುವ ಹತ್ತು ಜನ ಇಲ್ಲ. ರಾಜಸ್ಥಾನ ಹಾಗೇನೂ ಇಲ್ಲ. ದೌರ್ಜನ್ಯ ತಡೆ ಕಾಯ್ದೆಯನ್ನು ಸಡಿಲಗೊಳಿಸಿದ ಸುಪ್ರೀಂ ಕೋರ್ಟಿನ ತೀರ್ಪಿನ ವಿರುದ್ಧ 2018ರ ಏಪ್ರಿಲ್ 2ರಂದು ನಡೆದ ಭಾರತ್ ಬಂದ್‌ನಲ್ಲಿ ಅಲ್ಲಿಯ ದಲಿತರು ದೊಡ್ಡ ಸಂಖ್ಯೆಯಲ್ಲಿ ಬೀದಿಗೆ ಬಂದರು. ಮರುದಿನ ಹಿಂಡೌನ್ ಪಟ್ಟಣದಲ್ಲಿ ದಲಿತ ರಾಜಕಾರಣಿಗಳ ಮನೆಗಳಿಗೆ ಬೆಂಕಿ ಬಿತ್ತು. ಆದರೂ ಅದೇ ವರ್ಷದ ಆಗಸ್ಟಿನಲ್ಲಿ ಸಂಸತ್ತು ಕಾಯ್ದೆಯನ್ನು ತಿದ್ದಿ ಮೊದಲಿನ ಬಲವನ್ನು ಅದಕ್ಕೆ ಮರಳಿ ಕೊಡಬೇಕಾಯಿತು. ಅಂದರೆ ದಲಿತರ ದೂರು ದಲಿತರ ಭಾಷೆಯಲ್ಲೇ ದಿಲ್ಲಿಯವರೆಗೆ ಕೇಳಿಸಿದ ಉದಾಹರಣೆ ಆ ನೆಲದಲ್ಲೇ ಇದೆ. ಸರಣಿಗೆ ಅದು ಕಾಣಿಸಿಲ್ಲ. ಕಂಡಿದ್ದರೆ ಆ ಸುಳ್ಳು ಬೇಕಾಗುತ್ತಿತ್ತೆ ಎಂಬ ಪ್ರಶ್ನೆ ಏಳುತ್ತಿತ್ತು.

ಕನ್ನಡದ ಓದುಗರಿಗೆ ಈ ಕತೆಯ ಎಲುಬು ಪರಿಚಯದ್ದೇ. ಸಯನೈಡ್ ಮೋಹನ್ ಎಂದು ಪತ್ರಿಕೆಗಳು ಕರೆದ ದಕ್ಷಿಣ ಕನ್ನಡದ ಶಾಲಾ ಮೇಷ್ಟ್ರ ಪ್ರಕರಣದ ಜೊತೆ ಹೋಲಿಕೆ ಎದ್ದು ಕಾಣುತ್ತದೆ. 2009ರಲ್ಲಿ ಬಂಟ್ವಾಳ ಕಡೆಯ ಒಬ್ಬ ಹುಡುಗಿ ಕಾಣೆಯಾದಾಗ, ಮುಸ್ಲಿಮ್ ಯುವಕನೇ ಕರೆದೊಯ್ದಿದ್ದಾನೆ ಎಂಬ ಸುದ್ದಿ ಹಬ್ಬಿ ಗಲಾಟೆಯಾಯಿತು. ಪೊಲೀಸರು ಫೋನ್ ಕರೆಗಳ ಜಾಡು ಹಿಡಿದು ಹೋದಾಗ ಸಿಕ್ಕಿದ್ದು ಬೇರೆಯೇ ಸಂಗತಿ. ಒಬ್ಬನೇ ಮನುಷ್ಯ ವರ್ಷಗಟ್ಟಲೆ ಬಡ ಹೆಣ್ಣುಮಕ್ಕಳನ್ನು ಮದುವೆಯ ನೆಪದಲ್ಲಿ ದೂರದ ಊರುಗಳಿಗೆ ಕರೆದೊಯ್ದು, ಬಸ್ ಸ್ಟ್ಯಾಂಡಿನ ಹತ್ತಿರದ ಲಾಡ್ಜಿನಲ್ಲಿ ಇಟ್ಟು, ಗರ್ಭ ನಿಲ್ಲದಿರಲೆಂದು ಹೇಳಿ ಸಯನೈಡ್ ಕೊಟ್ಟು, ಅವರ ಒಡವೆ ಹೊತ್ತು ಹೋಗುತ್ತಿದ್ದ. ಬಸ್ ಸ್ಟ್ಯಾಂಡಿನ ಶೌಚಾಲಯದಲ್ಲಿ ಹೆಣ ಸಿಗುತ್ತಿತ್ತು. ಅವನ ಮೇಲೆ ಬಿದ್ದದ್ದು 20 ಹೆಂಗಸರ ಕೊಲೆಯ ಆರೋಪ. 2013ರ ಡಿಸೆಂಬರಿನಲ್ಲಿ ಮಂಗಳೂರಿನ ನ್ಯಾಯಾಲಯ ಮೊದಲ ಪ್ರಕರಣಗಳಲ್ಲಿ ಶಿಕ್ಷೆ ಕೊಟ್ಟಿತು. ಕೊನೆಯ ಪ್ರಕರಣದ ತೀರ್ಪು ಬಂದದ್ದು 2020ರಲ್ಲಿ.

ಈ ಪ್ರಕರಣದಲ್ಲಿ ನನ್ನನ್ನು ಕಾಡುವುದು ಆ ಮೇಷ್ಟ್ರ ಬುದ್ಧಿಯಲ್ಲ, ಅವನ ಎಣಿಕೆ. ಎಂಥ ಮನೆಯ ಹುಡುಗಿ ಕಾಣೆಯಾದರೆ ಯಾರೂ ಹುಡುಕುವುದಿಲ್ಲ ಎಂಬುದು ಅವನಿಗೆ ಗೊತ್ತಿತ್ತು. ವರದಕ್ಷಿಣೆ ಕೊಡಲಾಗದ, ಮದುವೆ ವಯಸ್ಸು ದಾಟುತ್ತಿದೆ ಎಂದು ಊರವರು ಆಡಿಕೊಳ್ಳುವ, ಹೋದಳೆಂದರೆ ಮರ್ಯಾದೆಗಂಜಿ ಸುಮ್ಮನಾಗುವ ಮನೆಗಳು. ಒಂದೂರಿನ ಠಾಣೆಯಲ್ಲಿ ಗುರುತು ಸಿಗದ ಹೆಣ, ಇನ್ನೊಂದೂರಿನ ಮನೆಯಲ್ಲಿ ಕಾಣೆಯಾದ ಮಗಳು. ಎರಡನ್ನೂ ಜೋಡಿಸಬೇಕಾದ ಕೈ ಸರ್ಕಾರದ್ದು. ಆ ಕೈ ಎದ್ದೇಳಲು ಒಂದು ಕೋಮುಗಲಭೆಯ ಭಯ ಬೇಕಾಯಿತು. ಕೊಂದವನು ಒಬ್ಬನೇ ನಿಜ. ಆದರೆ ಅವನಿಗೆ ಅಷ್ಟು ವರ್ಷ ಬಿಡುವು ಕೊಟ್ಟವರು ಬಹಳ ಜನ. ‘ದಹಾಡ್’ನ ಮೊದಲ ಕಂತು ಈ ಬಹಳ ಜನರನ್ನು ಮುಂದೆ ತಂದು ಕೂರಿಸುತ್ತದೆ. ಅದರ ಸತ್ವ ಇರುವುದು ಅಲ್ಲಿ.

ಆ ಠಾಣೆಯಲ್ಲಿ ಸಬ್ ಇನ್‌ಸ್ಪೆಕ್ಟರ್ ಅಂಜಲಿ ಭಾಟಿ ಇದ್ದಾಳೆ. ಪಾತ್ರ ಮಾಡಿರುವವರು ಸೋನಾಕ್ಷಿ ಸಿನ್ಹಾ. ಬುಲೆಟ್ ಓಡಿಸುತ್ತಾಳೆ, ಜೂಡೋ ಕಲಿತಿದ್ದಾಳೆ, ಮದುವೆ ಮಾಡಿಕೋ ಎಂದು ಗೋಗರೆಯುವ ತಾಯಿಗೆ ಸೊಪ್ಪು ಹಾಕುವುದಿಲ್ಲ. ‘ಭಾಟಿ’ ರಜಪೂತರ ಕುಲನಾಮ. ಆದರೆ ಅವಳದು ಮೇಘವಾಲ್ ಮನೆತನ, ರಾಜಸ್ಥಾನದ ಪರಿಶಿಷ್ಟ ಜಾತಿಗಳಲ್ಲಿ ಒಂದು. ಮಗಳಿಗೆ ದಾರಿ ಸುಗಮವಾಗಲಿ ಅಂತ ಅಪ್ಪ ಹೆಸರು ಬದಲಿಸಿದ್ದ. ಹೆಸರು ಬದಲಾದರೂ ಊರಿಗೆ ಗೊತ್ತಿದೆ. ಠಾಣೆಯಲ್ಲಿ ಒಬ್ಬ ಪೇದೆ ಇದ್ದಾನೆ. ಅವಳು ಹಾದುಹೋದಾಗಲೆಲ್ಲ ಊದುಬತ್ತಿ ಹಚ್ಚುತ್ತಾನೆ. ಮಾತಿಲ್ಲ, ಬೈಗುಳವಿಲ್ಲ. ಮೇಲಧಿಕಾರಿಗೆ ಸಲ್ಯೂಟೂ ಹೊಡೆಯಬಹುದು, ಅವಳು ನಡೆದ ಗಾಳಿಯನ್ನು ಶುದ್ಧವೂ ಮಾಡಬಹುದು. ದೌರ್ಜನ್ಯ ಎಂದರೆ ಯಾವಾಗಲೂ ರಕ್ತ ಕಾಣಬೇಕು ಅಂದುಕೊಂಡವರು ಈ ಊದುಬತ್ತಿಯನ್ನು ನೋಡಬೇಕು. ಇದು ಕಲ್ಪನೆಯ ಅತಿಶಯ ಅನ್ನುವವರಿಗೆ ದೂರ ಹೋಗಬೇಕಾಗಿಲ್ಲ. 2022ರ ನವೆಂಬರಿನಲ್ಲಿ ನಮ್ಮ ಚಾಮರಾಜನಗರ ಜಿಲ್ಲೆಯ ಹೆಗ್ಗೋಠಾರದಲ್ಲಿ ದಲಿತ ಹೆಣ್ಣುಮಗಳೊಬ್ಬಳು ನೀರು ಕುಡಿದಳೆಂದು ತೊಂಬೆಯ ನೀರನ್ನೆಲ್ಲ ಹರಿಯಬಿಟ್ಟು ಗೋಮೂತ್ರದಿಂದ ತೊಳೆದರು. ಬಾಯಾರಿದವಳ ಬೊಗಸೆ ನೀರಿಗೆ ಒಂದು ತೊಂಬೆ ನೀರು ದಂಡ.

ಊದುಬತ್ತಿಯ ಪೇದೆಯನ್ನೂ ದೂರು ಬರೆದುಕೊಳ್ಳದ ಮೇಜನ್ನೂ ಒಟ್ಟಿಗೆ ಇಟ್ಟು ನೋಡಿ. ಒಂದೇ ಕೋಣೆ. ಮೇಜಿನ ಈಚೆ ನಿಂತ ಬಡವನಿಗೆ ಮಾತಿಲ್ಲ. ಮೇಜಿನ ಆಚೆ ಕೂತ ಅಧಿಕಾರಿಗೆ ಗಾಳಿಯಿಲ್ಲ. ಮೀಸಲಾತಿಯಿಂದ ನೌಕರಿ ಸಿಕ್ಕಿತು, ಇನ್ನೇನು ಬೇಕು ಎಂದು ಕೇಳುವವರಿಗೆ ಕೊಡಬೇಕಾದ ಉತ್ತರ ಈ ಒಂದು ಕೋಣೆಯಲ್ಲಿದೆ. ಕುರ್ಚಿ ಸಿಕ್ಕಿದ ಮಾತ್ರಕ್ಕೆ ಕೋಣೆ ಬದಲಾಗುವುದಿಲ್ಲ. ಹಾಗಂತ ಕುರ್ಚಿ ಬೇಡವೇ? ಬೇಕೇ ಬೇಕು. ಕೃಷ್ಣಾಳ ಕಡತವನ್ನು ಬಿಡದೆ ಹಿಡಿದು, ಅದರ ಹಿಂದೆ ಇನ್ನೆಷ್ಟೋ ಕಾಣೆಯಾದ ಹೆಣ್ಣುಗಳಿದ್ದಾರೆ ಎಂದು ಕಂಡುಕೊಳ್ಳುವವಳು ಅಂಜಲಿಯೇ. ಆ ಕುರ್ಚಿಯಲ್ಲಿ ಅವಳಿಲ್ಲದಿದ್ದರೆ ಕತೆಯೇ ಇಲ್ಲ.

ಆದರೂ ತಕರಾರು ಇದೆ. ಮೊದಲನೆಯದು: ಅಂಜಲಿಯನ್ನು ಸರಣಿ ಸಾಧಾರಣಳಾಗಿರಲು ಬಿಡುವುದಿಲ್ಲ. ಪರದೆಯ ಮೇಲೆ ದಲಿತರಿಗೆ ಬಹುಕಾಲ ಒಂದೇ ಪಾತ್ರ ಇತ್ತು, ಅಳುವುದು. ಈಗ ಇನ್ನೊಂದು ಪಾತ್ರ ಸಿಕ್ಕಿದೆ, ಗೆಲ್ಲುವುದು. ಅಳದೆ ಗೆಲ್ಲದೆ ಸುಮ್ಮನೆ ಕೆಲಸ ಮಾಡಿಕೊಂಡು, ತಪ್ಪು ಮಾಡಿ ಬೈಸಿಕೊಂಡು, ಸಂಜೆ ಮನೆಗೆ ಹೋಗುವ ದಲಿತ ಅಧಿಕಾರಿ ಯಾವಾಗ ಬರುತ್ತಾಳೆ? ಅವಳ ಜೊತೆಗಾರ ಪಾರ್ಘಿಗೆ ಅಂಜುವ, ಜಾರುವ ಅವಕಾಶ ಇದೆ. ಅವಳಿಗೆ ಇಲ್ಲ.

ಎರಡನೆಯದು ಇನ್ನೂ ಮುಖ್ಯ. ಮೊದಲ ಕಂತು ಎತ್ತಿದ ಪ್ರಶ್ನೆಯನ್ನು ಮುಂದಿನ ಕಂತುಗಳು ಒಬ್ಬ ವ್ಯಕ್ತಿಯ ತಲೆಗೆ ಕಟ್ಟುತ್ತವೆ. ಪತ್ತೇದಾರಿ ಕತೆಯ ಜಾಯಮಾನವೇ ಅಂಥದ್ದು. ಅದಕ್ಕೆ ಒಬ್ಬ ಅಪರಾಧಿ ಬೇಕು, ಅವನಿಗೊಂದು ಹಳೇ ಗಾಯ ಬೇಕು, ಅವನ ಬೆನ್ನು ಹತ್ತಿ ಹಿಡಿಯುವುದು ಬೇಕು. ಕಂತುಗಳು ಉರುಳಿದಂತೆ ಮೇಷ್ಟ್ರ ಮನಸ್ಸು ದೊಡ್ಡದಾಗುತ್ತದೆ, ಠಾಣೆಯ ಮೇಜು ಚಿಕ್ಕದಾಗುತ್ತದೆ. ಕತೆ ಅಂಜಲಿಯ ಹೆಗಲಿಗೇರಿದ ಮೇಲೆ ಆ ಸೋದರ ಹಿಂದೆ ಸರಿಯುತ್ತಾನೆ. ಮೇಲಧಿಕಾರಿ ದೇವಿಲಾಲ್ ಸಿಂಗ್ ಒಳ್ಳೆಯವನಿರುವುದರಿಂದ ವ್ಯವಸ್ಥೆಯೂ ಒಳ್ಳೆಯದೇ ಇರಬಹುದು ಎಂಬ ಸಮಾಧಾನ ನೋಡುಗನಿಗೆ ಸಿಗುತ್ತದೆ. ಮೃಗ ಸಿಕ್ಕಿಬಿದ್ದರೆ ಊರು ನೆಮ್ಮದಿಯಾಗಿ ಮಲಗಬಹುದು. ಆದರೆ ಊದುಬತ್ತಿ?

ಹೋಲಿಕೆಗೆ 2020ರ ‘ಪಾತಾಳ ಲೋಕ’ದ ಮೊದಲ ಕಂತನ್ನು ನೆನೆಯಬಹುದು. ಅಲ್ಲಿ ದಿಲ್ಲಿಯ ಪೊಲೀಸ್ ಅಧಿಕಾರಿಯೊಬ್ಬ ನಗರವನ್ನು ಸ್ವರ್ಗ, ಭೂಮಿ, ಪಾತಾಳ ಎಂದು ಹಂಚುತ್ತಾನೆ; ಪಾತಾಳದಲ್ಲಿರುವವರು ಹುಳುಗಳು. ಹಾಗೆ ನೋಡಿದರೆ ಅದು ಮನುವಿನ ಊರು-ಹೊರಗೇರಿ ಲೆಕ್ಕದ ಹೊಸ ನಕ್ಷೆಯೇ. ಆ ಸರಣಿ ನಮ್ಮ ಜನರನ್ನು ಮೊದಲು ಕಟಕಟೆಯಲ್ಲಿ ನಿಲ್ಲಿಸಿ, ಆಮೇಲೆ ಇವರು ಹೀಗಾದದ್ದು ಹೇಗೆ ಎಂದು ಕೇಳಿತು. ‘ದಹಾಡ್’ ನಮ್ಮ ಜನರನ್ನು ದೂರುದಾರನಾಗಿಯೂ ತನಿಖಾಧಿಕಾರಿಯಾಗಿಯೂ ತಂದಿತು. ಇದು ಸಣ್ಣ ಬದಲಾವಣೆ ಅಲ್ಲ. ನಾಗರಾಜ ಮಂಜುಳೆಯವರ ‘ಫ್ಯಾಂಡ್ರಿ’ (2013) ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿತ್ತು. ಅಲ್ಲಿ ಹಂದಿ ಹಿಡಿಯುವ ಮನೆಯವರನ್ನು ನೋಡಿ ನಗುವ ಊರೇ ಕಾಡು. ಹುಡುಗ ಕೊನೆಗೆ ಎಸೆದ ಕಲ್ಲು ನೇರ ನೋಡುಗನ ಕಡೆಗೇ ಬರುತ್ತದೆ. ‘ದಹಾಡ್’ನ ಮೊದಲ ಕಂತಿನ ಕೈಯಲ್ಲಿ ಆ ಕಲ್ಲು ಇತ್ತು. ಸರಣಿ ಅದನ್ನು ನಮ್ಮ ಕಡೆಗೆ ಎಸೆಯದೆ ಆ ಮೇಷ್ಟ್ರ ಕಡೆಗೆ ಎಸೆಯಿತು.

ಮಾಡಿದವರು ದಲಿತರಲ್ಲವಲ್ಲ, ಅವರಿಂದ ಇನ್ನೇನು ನಿರೀಕ್ಷಿಸುತ್ತೀರಿ ಎಂದು ಕೆಲವು ಗೆಳೆಯರು ಕೇಳಬಹುದು. ಯಾರು ಮಾಡಿದರು ಎಂಬುದು ಮುಖ್ಯವೇ. ಮಂಜುಳೆ, ಪಾ. ರಂಜಿತ್, ಮಾರಿ ಸೆಲ್ವರಾಜ್ ಬಂದ ಮೇಲೆ ಕ್ಯಾಮೆರಾ ನಿಲ್ಲುವ ಜಾಗವೇ ಬದಲಾಯಿತು. ಆದರೆ ಹುಟ್ಟು ಕೇಳಿ ತೀರ್ಪು ಕೊಡುವ ವಿಮರ್ಶೆ ನಾವು ಯಾವುದರ ವಿರುದ್ಧ ಹೋರಾಡುತ್ತಿದ್ದೇವೋ ಅದರ ನೆರಳಿಗೇ ಹೋಗಿ ನಿಲ್ಲುತ್ತದೆ. ಇನ್ನು ಕೆಲವರಿಗೆ ದಲಿತ ನಾಯಕಿ ಬಂದಳಲ್ಲ, ಅಷ್ಟೇ ಸಾಕು. ಪರದೆಯ ಮೇಲೆ ನಮ್ಮವರ ತಲೆ ಎಣಿಸುವುದು ವಿಮರ್ಶೆಯ ಮೊದಲ ಪಾಠ. ಅಲ್ಲೇ ನಿಂತುಬಿಟ್ಟರೆ ಅದು ಜನಗಣತಿ. ನಾವು ಕೇಳಬೇಕಾದ ಪ್ರಶ್ನೆ ಬೇರೆ. ಈ ಕತೆಯಲ್ಲಿ ಯಾರ ದೂರಿನಿಂದ ಕತೆ ಶುರುವಾಗುತ್ತದೆ? ಆ ದೂರು ಕತೆ ಮುಗಿಯುವವರೆಗೆ ಉಳಿಯುತ್ತದೆಯೇ? ದೂರು ಕೊಟ್ಟವನು ಯಾವ ಭಾಷೆಯಲ್ಲಿ ಮಾತಾಡಬೇಕಾಯಿತು? ಈ ಮೂರು ಪ್ರಶ್ನೆಗಳನ್ನು ಹಿಡಿದು ಯಾವ ಸಿನಿಮಾವನ್ನಾದರೂ, ಯಾವ ಕಾದಂಬರಿಯನ್ನಾದರೂ ನೋಡಬಹುದು.

ಈ ಪ್ರಶ್ನೆಗಳು ಪರದೆಗೆ ಮಾತ್ರ ಸೇರಿದವೂ ಅಲ್ಲ. ಗಂಭೀರ ಅಪರಾಧದ ಮಾಹಿತಿ ಬಂದರೆ ಪೊಲೀಸರು ಎಫ್‌ಐಆರ್ ದಾಖಲಿಸಲೇಬೇಕು ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2013ರ ನವೆಂಬರಿನಲ್ಲಿ ಹೇಳಿತು. ಲಲಿತಾ ಕುಮಾರಿ ಪ್ರಕರಣ ಅಂತ ಅದಕ್ಕೆ ಹೆಸರು. ಆ ತೀರ್ಪಿನ ಹಿಂದೆ ಇದ್ದದ್ದೂ ಕಾಣೆಯಾದ ಒಬ್ಬ ಬಾಲಕಿ, ಠಾಣೆಗೆ ಅಲೆದ ಒಬ್ಬ ಅಪ್ಪ. ದೌರ್ಜನ್ಯ ತಡೆ ಕಾಯ್ದೆಯ 4ನೇ ಕಲಮಿಗೆ ತಂದು, 2016ರ ಜನವರಿಯಿಂದ ಜಾರಿಯಾದ ತಿದ್ದುಪಡಿ ಇನ್ನೂ ಸ್ಪಷ್ಟವಾಗಿ ಹೇಳುತ್ತದೆ: ದೂರುದಾರ ಹೇಳಿದ್ದನ್ನು ಬರೆದುಕೊಳ್ಳಬೇಕು, ಬರೆದದ್ದನ್ನು ಅವನಿಗೆ ಓದಿ ಹೇಳಬೇಕು, ಆಮೇಲೆ ಸಹಿ ಹಾಕಿಸಿಕೊಳ್ಳಬೇಕು, ಬೇಕೆಂದೇ ಈ ಕರ್ತವ್ಯ ಮಾಡದ ಅಧಿಕಾರಿಗೆ ಶಿಕ್ಷೆ. ಬರೆದುಕೊಳ್ಳುವುದು, ಓದಿ ಹೇಳುವುದು. ಕಾನೂನು ಕೇಳುತ್ತಿರುವುದು ಇಷ್ಟೇ. ಇಷ್ಟಕ್ಕೂ ಕಾನೂನನ್ನೇ ತಿದ್ದಬೇಕಾಯಿತು ಅಂದರೆ ಆ ಮೇಜು ಎಷ್ಟು ಗಟ್ಟಿ ಮರದ್ದು ಅಂತ ಗೊತ್ತಾಗುತ್ತದೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಲೆಕ್ಕದಲ್ಲಿ 2022ರಲ್ಲಿ ಪರಿಶಿಷ್ಟ ಜಾತಿಯವರ ಮೇಲಿನ ಅಪರಾಧಗಳು 57,582. ಇದು ಮೇಜು ದಾಟಿದವುಗಳ ಲೆಕ್ಕ. ದಾಟದೆ ಮರಳಿ ಹೋದವರ ಲೆಕ್ಕವನ್ನು ಯಾರೂ ಇಟ್ಟಿಲ್ಲ.

ಸರಣಿಯ ಕೊನೆಯಲ್ಲಿ ಅಂಜಲಿ ‘ಭಾಟಿ’ ಬಿಟ್ಟು ‘ಮೇಘವಾಲ್’ ಹೆಸರಿಗೆ ಮರಳುತ್ತಾಳೆ. ಹಲವರಿಗೆ ಇದೇ ನಿಜವಾದ ಗರ್ಜನೆಯಾಗಿ ಕೇಳಿಸಿದೆ. ನನಗೂ ಅದು ಹಿಡಿಸಿತು. ಹೆಸರು ಮುಚ್ಚಿಡುವ ಕಾಲದಿಂದ ಹೆಸರು ಹೇಳುವ ಕಾಲಕ್ಕೆ ಬರಲು ನಮ್ಮ ಎರಡು ಮೂರು ತಲೆಮಾರುಗಳೇ ಬೇಕಾದವು. ಆದರೆ ಅಂಜಲಿ ತನ್ನ ಹೆಸರನ್ನು ತಾನೇ ಬರೆಸಿಕೊಳ್ಳಬಲ್ಲಳು. ಅವಳಿಗೆ ಓದು ಇದೆ, ಸಮವಸ್ತ್ರ ಇದೆ. ಕೃಷ್ಣಾಳ ಹೆಸರನ್ನು ಬೇರೆ ಯಾರಾದರೂ ಬರೆದುಕೊಳ್ಳಬೇಕಿತ್ತು, ಅದೂ ಮೊದಲ ದಿನವೇ, ಯಾವ ಸುಳ್ಳಿನ ಸಹಾಯವೂ ಇಲ್ಲದೆ. ನಮ್ಮ ಠಾಣೆಗಳಲ್ಲಿ ದೂರು ಬರೆದುಕೊಳ್ಳುವ ಪೇದೆಯನ್ನು ಜನ ‘ರೈಟರ್’ ಅಂತಲೇ ಕರೆಯುತ್ತಾರೆ. ಈ ಸಂಚಿಕೆಯನ್ನು ಓದುವವರಲ್ಲೂ ರೈಟರುಗಳು ಇದ್ದೀರಿ. ಸಂಘಟನೆಯವರು ಬಡವನ ಜೊತೆ ಆ ಮೇಜಿನವರೆಗೆ ಹೋಗಿ ದೂರು ಬರೆಯುವ ತನಕ ಕೂರಬೇಕು. ಬರೆಯುವವರು ಅವನು ಯಾವ ಮಾತಿನಲ್ಲಿ ಹೇಳಿದನೋ ಆ ಮಾತಿನಲ್ಲೇ ಬರೆಯಬೇಕು. ಆಗ ಅವನಿಗೆ ಗರ್ಜಿಸುವ ಅಗತ್ಯ ಬೀಳುವುದಿಲ್ಲ. ಮೆಲ್ಲಗೆ ಹೇಳಿದರೂ ಕೇಳಿಸುತ್ತದೆ.